ಉಂಡ ಮನೆಯ ಜಂತಿ ಎಣಿಸಿದವರು

ಧಾರವಾಡ ದಾಟಿ ಬೆಳಗಾವಿಯ ದಾರಿ ಹಿಡಿದರೆ ಹೆದ್ದಾರಿಯ ಮಗ್ಗುಲಿಗೆ ಹೈಕೋರ್ಟ್ ಪೀಠದ ದೊಡ್ಡ ಕಟ್ಟಡ ಕಾಣುತ್ತದೆ. ಅಲ್ಲಿಯೇ ಬೇಲೂರು ಕೈಗಾರಿಕಾ ಪ್ರದೇಶ. ಚೆನ್ನಕೇಶವನ ಬೇಲೂರಲ್ಲ, ನಮ್ಮ ಧಾರವಾಡದ ಬೇಲೂರು. ಒಂದು ಕಾಲಕ್ಕೆ ಬೆಳೆ ನಿಲ್ಲುತ್ತಿದ್ದ ಹೊಲಗಳಲ್ಲಿ ಈಗ ಬಸ್ಸು, ಲಾರಿ, ಮಣ್ಣಗೆಯುವ ಯಂತ್ರಗಳು ಸಾಲುಗಟ್ಟಿ ನಿಂತಿರುತ್ತವೆ. ಪಾಳಿ ಬಿಡುವ ಹೊತ್ತಿಗೆ ರಸ್ತೆಬದಿಯ ಚಾದಂಗಡಿಯಲ್ಲಿ ಕೂತಿದ್ದೆ. ಟಾಟಾ ಹಿಟಾಚಿ ಕಾರ್ಖಾನೆಯಿಂದ ಹೊರಟ ಕಿತ್ತಳೆ ಬಣ್ಣದ ಯಂತ್ರವೊಂದು ಉದ್ದನೆಯ ಟ್ರೇಲರ್ ಮೇಲೆ ತೋಳು ಮಡಚಿಕೊಂಡು ಸಾಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಅದನ್ನು ಕಣ್ಣಿಂದ ಮರೆಯಾಗುವ ತನಕ ನೋಡಿ ಕೇಳಿದರು:

"ಈ ಹಿಟಾಚಿ ಅಂದ್ರ ಏನ್ರೀ ಸರ? ಕಂಪನಿ ಹೆಸರೋ, ಮಶೀನಿನ ಹೆಸರೋ?"

"ಊರಿನ ಹೆಸರ್ರೀ ಯಜಮಾನ್ರ. ಜಪಾನದಾಗಿನ ಒಂದೂರು."

"ಹಂಗಾರ ನಮ್ಮ ಬೇಲೂರಿನಂಗ ಅನ್ರಿ. ಹೊಲ ಹೋತು, ಊರ ಹೆಸರು ಫಲಕದ ಮ್ಯಾಲೆ ಉಳೀತು."

ಅವರು ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಮಾತು ತೀರಾ ಸರಿಯಾಗಿತ್ತು. ನಮ್ಮ ಕಡೆ ಕೆರೆಯ ಹೂಳು ತೆಗೆಯಲು ಬರುವ ಯಾವ ಯಂತ್ರವಾದರೂ, ಯಾವ ಕಂಪನಿಯದಾದರೂ, ಜನರ ಬಾಯಲ್ಲಿ ಅದು ಹಿಟಾಚಿಯೇ. ಆ ಹೆಸರಿನ ಕಂಪನಿ ಹುಟ್ಟಿದ್ದು 1910ರಲ್ಲಿ, ಹಿಟಾಚಿ ಎಂಬಲ್ಲಿನ ತಾಮ್ರದ ಗಣಿಯ ರಿಪೇರಿ ಶೆಡ್ಡಿನಲ್ಲಿ. ಅದಕ್ಕೂ ಮುಂಚೆ ಹಿಟಾಚಿ ಒಂದು ಸೀಮೆಯ ಹೆಸರು. ಆ ಸೀಮೆಯಲ್ಲಿ ಮಿತೋ ಎಂಬ ಸಂಸ್ಥಾನವಿತ್ತು. ಜಪಾನಿನ ಕೊನೆಯ ಶೋಗುನ್ ತೊಕುಗಾವಾ ಯೊಶಿನೊಬು ಅದರ ದೊರೆಯ ಮಗ. ಎರಡೂವರೆ ಶತಮಾನ ದೇಶವಾಳಿದ ಮನೆತನದ ಕೊನೆಯ ಕುಡಿಯ ತವರುಸೀಮೆಯ ಹೆಸರು ಇವತ್ತು ಧಾರವಾಡ ಜಿಲ್ಲೆಯ ಕೆರೆಯಂಗಳದಲ್ಲಿ ಮಣ್ಣು ಬಗೆಯುತ್ತಿದೆ.

ಆ ಮನೆತನ ಮುಳುಗುವ ಹೊತ್ತಿನಲ್ಲಿ ಅದರ ಖಜಾನೆ ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬ ಬಹಳ ದಿನಗಳಿಂದ ನನ್ನ ತಲೆಯಲ್ಲಿ ಕೂತಿದ್ದಾನೆ. ಹೆಸರು ಒಗುರಿ ತಾದಾಮಾಸಾ. ಅವನನ್ನು ನೆನೆದಾಗಲೆಲ್ಲ ನಮ್ಮ ದಿವಾನ್ ಪೂರ್ಣಯ್ಯ ನೆನಪಾಗುತ್ತಾರೆ. ಇಬ್ಬರ ನಡುವೆ ಅರ್ಧ ಶತಮಾನ ಮತ್ತು ಒಂದು ಸಮುದ್ರವಿದೆ. ಒಬ್ಬ ಒಡೆಯನೊಂದಿಗೆ ಮುಳುಗಿದ, ಇನ್ನೊಬ್ಬರು ಒಡೆಯ ಬಿದ್ದ ಮೇಲೂ ಅದೇ ಗದ್ದಿಗೆಯ ಪಕ್ಕ ಕೂತು ಹನ್ನೆರಡು ವರ್ಷ ರಾಜ್ಯ ನಡೆಸಿದರು. ಇಂಥವರನ್ನು ಅಳೆಯಲು ನಮ್ಮಲ್ಲಿರುವುದು ಎರಡೇ ಪದ: ಸ್ವಾಮಿನಿಷ್ಠ, ಸ್ವಾಮಿದ್ರೋಹಿ. ಈ ಎರಡು ಪದಗಳಿಂದ ಅಧಿಕಾರಿಯನ್ನು ಅಳೆಯಲಾಗದು ಎಂಬುದೇ ನನ್ನ ತಕರಾರು. ಸೇನಾಪತಿಗೆ ಸಾಲಬಹುದಾದ ಅಳತೆ ಲೆಕ್ಕದವನಿಗೆ ಸಾಲದು.

ನಮ್ಮಲ್ಲಿ ಒಂದು ಗಾದೆಯಿದೆ: ಉಂಡ ಮನೆಯ ಜಂತಿ ಎಣಿಸಬಾರದು. ನೆಂಟನಿಗೆ ಅದು ಒಪ್ಪುವ ಮಾತು. ಅಧಿಕಾರಿಗೆ ಮಾತ್ರ ಅದು ಪೂರಾ ತಿರುಗುಮುರುಗು. ಜಂತಿ ಎಣಿಸುವುದಕ್ಕೇ ಅವನಿಗೆ ಊಟ ಹಾಕುವುದು. ಯಾವ ತೊಲೆಗೆ ಗೆದ್ದಲು ಹಿಡಿದಿದೆ, ಯಾವ ಗೋಡೆ ಮಳೆಗಾಲ ತಡೆಯದು ಎಂದು ಮನೆ ನಿಂತಿರುವಾಗಲೇ ಹೇಳದವನು ಎಷ್ಟೇ ನಿಷ್ಠನಾದರೂ ಆ ಮನೆಗೆ ಬೇಕಾದ ಆಳಲ್ಲ.

ಒಗುರಿ ಹುಟ್ಟಿದ್ದು 1827ರಲ್ಲಿ, ಎದೋ ಪಟ್ಟಣದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ. ಶೋಗುನನ ನೇರ ಊಳಿಗದ ಮನೆತನ. ವರ್ಷಕ್ಕೆ 2,500 ಕೊಕು ಅಕ್ಕಿಯ ಉಂಬಳಿ. ಅಮೆರಿಕದೊಂದಿಗಿನ 1858ರ ಒಪ್ಪಂದಕ್ಕೆ ಮುದ್ರೆ ಹಾಕಿಸಿಕೊಂಡು ಬರಲು 1860ರಲ್ಲಿ ಅಲ್ಲಿಗೆ ಹೋದ ನಿಯೋಗದ ಮೂರನೆಯ ಅಧಿಕಾರಿ, ತನಿಖಾಧಿಕಾರಿ. ಉಳಿದವರು ಔತಣ, ಮೆರವಣಿಗೆಗಳಲ್ಲಿ ಮುಳುಗಿದ್ದಾಗ ಈತ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಕೂತು ಒಂದು ಹಟ ಹಿಡಿದ. ಆಗ ಜಪಾನಿನಲ್ಲಿ ಒಂದು ತೂಕ ಚಿನ್ನಕ್ಕೆ ಸುಮಾರು ಐದು ತೂಕ ಬೆಳ್ಳಿ. ಹೊರಗಿನ ಜಗತ್ತಿನಲ್ಲಿ ಹದಿನೈದು. ಪರದೇಶದ ವರ್ತಕರು ಬೆಳ್ಳಿ ತಂದು, ಚಿನ್ನಕ್ಕೆ ಬದಲಿಸಿ, ಹೊರಗೆ ಮಾರಿ ಮೂರು ಪಟ್ಟು ಮಾಡಿಕೊಳ್ಳುತ್ತಿದ್ದರು. ದೇಶದ ಚಿನ್ನ ಬಂದರಿನಿಂದ ಸೋರಿಹೋಗುತ್ತಿತ್ತು. ಟಂಕಸಾಲೆಯವರು ನಾಣ್ಯದ ಒಂದು ಚೂರು ಕೆರೆದು ಪರೀಕ್ಷಿಸಿದರೆ ಸಾಕೆಂದರು. ಒಗುರಿ ಒಪ್ಪಲಿಲ್ಲ. ಇಡೀ ನಾಣ್ಯ ಕರಗಬೇಕು, ಅದರೊಳಗಿನ ಚಿನ್ನ, ಬೆಳ್ಳಿ, ತಾಮ್ರ ಎಲ್ಲವೂ ನನ್ನ ಕಣ್ಣೆದುರು ತೂಗಬೇಕು ಎಂದ. ಗಂಟೆಗಟ್ಟಲೆ ಕಾದ, ತೂಗಿಸಿದ, ಬರೆದುಕೊಂಡ. ಜಪಾನಿನ ನಾಣ್ಯಕ್ಕೆ ಅನ್ಯಾಯವಾಗುತ್ತಿದೆ ಎಂಬುದು ಅವರ ತಕ್ಕಡಿಯಲ್ಲೇ ಸಾಬೀತಾಯಿತು.

ಇದನ್ನು ಓದುವಾಗ ನನಗೆ ನಮ್ಮ ಅಡತಿ ಅಂಗಡಿಗಳ ಕಟ್ಟೆ ನೆನಪಾಗುತ್ತದೆ. ಚೀಲದ ಬಾಯಿಂದ ಒಂದು ಹಿಡಿ ತೆಗೆದು ದರ ಹೇಳುವವರ ಮುಂದೆ, ಚೀಲ ಪೂರಾ ಸುರುವಿ ನೋಡ್ರಿ ಅನ್ನುವ ರೈತನೊಬ್ಬ ಇರುತ್ತಾನಲ್ಲ, ಅವನದೇ ಜಾತಿಯ ಹಟ.

ವಾಷಿಂಗ್ಟನ್ನಿನ ನೌಕಾ ಕಾರ್ಖಾನೆ ನೋಡಿ ಬರುವಾಗ ಒಗುರಿ ಅಲ್ಲಿಂದ ಒಂದು ಸ್ಕ್ರೂ ತಂದ. ಕಬ್ಬಿಣದ ಒಂದು ತುಂಡು. ಒಂದರಂತೆ ಸಾವಿರ ಸ್ಕ್ರೂ ಮಾಡಬಲ್ಲ ಯಂತ್ರ, ಆ ಯಂತ್ರ ಮಾಡಬಲ್ಲ ಯಂತ್ರ, ಅದನ್ನು ನಡೆಸಬಲ್ಲ ಜನ, ಇಷ್ಟೂ ಆ ತುಂಡಿನೊಳಗೆ ಅವನಿಗೆ ಕಂಡಿರಬೇಕು. ಐದು ವರ್ಷದ ಮೇಲೆ, 1865ರಲ್ಲಿ, ಯೊಕೊಸುಕಾ ಎಂಬ ಕಡಲತಡಿಯ ಹಳ್ಳಿಯಲ್ಲಿ ಹಡಗು ಕಟ್ಟುವ ಕಾರ್ಖಾನೆಯ ಕೆಲಸ ಶುರುವಾಯಿತು. ನಾಲ್ಕು ವರ್ಷಕ್ಕೆ 24 ಲಕ್ಷ ಡಾಲರ್ ಅಂದಾಜು. ಮೇಲ್ವಿಚಾರಣೆಗೆ ಲಿಯೋನ್ಸ್ ವೆರ್ನಿ ಎಂಬ ಫ್ರೆಂಚ್ ಎಂಜಿನಿಯರ್, ವಯಸ್ಸು ಮೂವತ್ತೂ ತುಂಬಿರಲಿಲ್ಲ. ಆ ಹೊತ್ತಿಗೆ ಶೋಗುನ್ ಸರ್ಕಾರದ ಬೊಕ್ಕಸ ಬರಿದಾಗಿತ್ತು. ದಕ್ಷಿಣದ ಸಂಸ್ಥಾನಗಳು ಬಂಡೆದ್ದಿದ್ದವು. ಇದು ಒಗುರಿಗೆ ಗೊತ್ತಿರಲಿಲ್ಲವೆ? ಹಣಕಾಸಿನ ಅಧಿಕಾರಿ ಅವನೇ. ಮತ್ತೆ ಮತ್ತೆ ತೆಗೆದುಹಾಕುತ್ತಿದ್ದರು, ಬೇರೆ ಯಾರಿಂದಲೂ ಆಗದು ಎಂದಾದ ಮೇಲೆ ಮತ್ತೆ ಕರೆಯುತ್ತಿದ್ದರು. ಇಷ್ಟು ಖರ್ಚಿನ ಕೆಲಸ ಈಗ ಏಕೆ ಎಂದ ಸಂಗಡಿಗರಿಗೆ ಆತ ಹೇಳಿದ್ದೆನ್ನಲಾದ ಉತ್ತರವನ್ನು ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ: ನಾಳೆ ಮನೆ ಮಾರಬೇಕಾಗಿ ಬಂದರೂ ಹಗೇವಿನ ಸಮೇತ ಮಾರಿದೆವು ಅನ್ನುವ ಮಾನವಾದರೂ ಉಳಿಯಲಿ.

ನನಗೆ ಇದು ನಿಷ್ಠೆಯ ಮಾತಾಗಿಯೂ ಕೇಳಿಸದು, ದ್ರೋಹದ ಮಾತಾಗಿಯೂ ಕೇಳಿಸದು. ಮನೆ ಬೀಳುತ್ತದೆಂದು ಲೆಕ್ಕ ಹಾಕಿಯೂ, ಕೊಳ್ಳುವವನು ಯಾರೆಂದು ಗೊತ್ತಿಲ್ಲದೆಯೂ, ಹಗೇವು ತೋಡಿಸುವವನ ಮಾತು ಅದು.

1868ರ ಮೊದಲಿಗೆ ಶೋಗುನನ ಸೈನ್ಯ ಕ್ಯೋಟೋ ಹತ್ತಿರ ಸೋತು ಬಂತು. ಎದೋ ಕೋಟೆಯ ಸಭೆಯಲ್ಲಿ ಒಗುರಿ ಕಾದಾಡಬೇಕೆಂದ. ಶತ್ರುವನ್ನು ಹಾಕೊನೆ ಘಟ್ಟ ದಾಟಲು ಬಿಟ್ಟು, ಬೆನ್ನ ಹಿಂದಿನ ಕರಾವಳಿ ರಸ್ತೆಯನ್ನು ಹಡಗಿನ ತೋಪುಗಳಿಂದ ಮುಚ್ಚುವ ಯೋಜನೆ ಅವನದು. ಯೊಶಿನೊಬು ಶರಣಾಗುವ ಮನಸ್ಸು ಮಾಡಿದ್ದ. ಒಗುರಿಯನ್ನು ಕೆಲಸದಿಂದ ತೆಗೆದ. ಅವನು ಸಂಸಾರ ಕಟ್ಟಿಕೊಂಡು ತನ್ನ ಉಂಬಳಿಯ ಗೊಂಡಾ ಎಂಬ ಹಳ್ಳಿಗೆ ಹೋಗಿ ದೇವಾಲಯವೊಂದರಲ್ಲಿ ಇಳಿದುಕೊಂಡ. ಆ ವರ್ಷದ ಮೇ 27ರಂದು ಹೊಸ ಸರ್ಕಾರದ ಸೈನಿಕರು ಅವನನ್ನು ಹಿಡಿದು, ವಿಚಾರಣೆಯಿಲ್ಲದೆ, ಕರಾಸು ನದಿಯ ದಂಡೆಯಲ್ಲಿ ತಲೆ ತೆಗೆದರು. ಅಪರಾಧ ಏನೆಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಕಾರ್ಖಾನೆಯನ್ನು ಮಾತ್ರ ಅವರು ಒಡೆಯಲಿಲ್ಲ. ಹೊಸ ಸರ್ಕಾರವೇ ಮುಂದುವರಿಸಿತು. 1871ರಲ್ಲಿ ಮೊದಲ ಒಣಗೋದಿ, ಅಂದರೆ ಡ್ರೈ ಡಾಕ್, ಮುಗಿಯಿತು. 1905ರಲ್ಲಿ ರಷ್ಯದ ನೌಕಾದಳವನ್ನು ಸೋಲಿಸಿದ ತೋಗೋ ಹೆಯಿಹಾಚಿರೋ, 1912ರಲ್ಲಿ ಒಗುರಿಯ ಮನೆತನದವರನ್ನು ಕರೆಸಿ, ಆ ಗೆಲುವಿಗೆ ಯೊಕೊಸುಕಾ ಕಾರಣ ಎಂದು ಕೃತಜ್ಞತೆ ಹೇಳಿದ. ತಲೆ ಹೋದ ನಲವತ್ತನಾಲ್ಕು ವರ್ಷದ ಮೇಲೆ ಒಂದು ನಮಸ್ಕಾರ.

ಇನ್ನು ಪೂರ್ಣಯ್ಯನವರು. ವ್ಯಾಪಾರಿಯ ಅಂಗಡಿಯ ಲೆಕ್ಕದ ಹುಡುಗನಾಗಿ ಶುರುಮಾಡಿ, ಹೈದರ್ ಅಲಿಯ ಕಣ್ಣಿಗೆ ಬಿದ್ದು, ಖಜಾನೆಯವರೆಗೆ ಬಂದವರು. ಅವರ ನಿಷ್ಠೆಗೆ ಒಂದೇ ಪುರಾವೆ ಸಾಕೆನ್ನುವವರಿಗೆ 1782ರ ಡಿಸೆಂಬರ್ ಇದೆ. ಚಿತ್ತೂರಿನ ಬಳಿ ಪಾಳೆಯದಲ್ಲಿ ಹೈದರ್ ತೀರಿಕೊಂಡ. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ಸೈನ್ಯ ಚದುರುತ್ತದೆ, ಗದ್ದಿಗೆಗೆ ಹೊಸಬರು ಹುಟ್ಟುತ್ತಾರೆ. ಪೂರ್ಣಯ್ಯ, ಕೃಷ್ಣರಾವ್ ಮೊದಲಾದವರು ಸಾವನ್ನು ಮುಚ್ಚಿಟ್ಟು, ಏನೂ ಆಗಿಲ್ಲವೆಂಬಂತೆ ದಿನದ ಕಾರುಬಾರು ನಡೆಸಿ, ಟಿಪ್ಪು ಬಂದು ಸೇರುವವರೆಗೆ ಪಾಳೆಯವನ್ನು ಒಟ್ಟಾಗಿ ಹಿಡಿದರು. ಮುಂದೆ ಕೃಷ್ಣರಾವ್ ಪಿತೂರಿಯ ಆಪಾದನೆಯಲ್ಲಿ ಟಿಪ್ಪುವಿನ ಕೈಯಲ್ಲೇ ಸತ್ತರು. ಪೂರ್ಣಯ್ಯ ಉಳಿದರು.

ದ್ರೋಹಕ್ಕೆ ಪುರಾವೆ ಬೇಕೆನ್ನುವವರಿಗೆ 1799 ಇದೆ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಜೂನ್ 30ರಂದು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದಾಗ ದಿವಾನರು ಇದೇ ಪೂರ್ಣಯ್ಯ. ಎರಡು ತಿಂಗಳೂ ನಡುವೆ ಇಲ್ಲ. ಟಿಪ್ಪುವನ್ನು ಕುರಿತ ನಾಟಕಗಳಲ್ಲಿ ಮೀರ್ ಸಾದಿಕನ ಪಕ್ಕ ಅವರನ್ನೂ ನಿಲ್ಲಿಸುವುದು ಈ ಎರಡು ತಿಂಗಳ ಬಲದಿಂದ. ಆದರೆ ಅಲ್ಲೂ ಒಂದು ತೊಡಕಿದೆ: ಗದ್ದಿಗೆಗೆ ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನೇ ಕೂರಿಸಬಹುದು ಎಂಬ ಸಲಹೆಯನ್ನು ಪೂರ್ಣಯ್ಯ ಇಂಗ್ಲಿಷರ ಮುಂದಿಟ್ಟಿದ್ದರೆಂದು ಆ ಕಾಲದ ಇಂಗ್ಲಿಷ್ ಬರಹಗಾರರೇ ಹೇಳುತ್ತಾರೆ. ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ನಾಟಕದವರಿಗೆ ಇಂಥ ಸಂಗತಿಗಳು ಬೇಡ. ಅವರ ತೊಂದರೆ ನನಗೆ ಅರ್ಥವಾಗುತ್ತದೆ. ಅರ್ಧ ದ್ರೋಹಿಗೆ ಬಣ್ಣ ಹಚ್ಚುವುದು ಕಷ್ಟ.

ನಮ್ಮ ಸೀಮೆಗೂ ಪೂರ್ಣಯ್ಯನವರ ನೆರಳು ಬಿದ್ದಿದೆ. 1800ರಲ್ಲಿ ಬಂಡೆದ್ದ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ತುಂಗಭದ್ರೆ ದಾಟಿ ಸವಣೂರು, ಡಂಬಳದ ಕಡೆ ಬಂದಾಗ ಅವನ ಬೆನ್ನಿಗೆ ಮೈಸೂರಿನ ಕುದುರೆದಳ, ಮೈಸೂರಿನ ದವಸ. ಆ ವ್ಯವಸ್ಥೆ ದಿವಾನರದು. ಧೋಂಡಿಯಾ ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಸತ್ತ. ಕೆಲವರಿಗೆ ಅವನು ದರೋಡೆಕೋರ, ಕೆಲವರಿಗೆ ಮೊದಲ ಸ್ವಾತಂತ್ರ್ಯವೀರ.

ಬೇಲೂರಿನಿಂದ ಅದೇ ಹೆದ್ದಾರಿಯಲ್ಲಿ ಅರ್ಧ ಗಂಟೆ ಮುಂದೆ ಹೋದರೆ ಕಿತ್ತೂರು. ಅಲ್ಲಿ ನಿಷ್ಠೆ ದ್ರೋಹಗಳ ಪ್ರಶ್ನೆಗೆ ನೆರಳೇ ಇಲ್ಲ, ಎಲ್ಲ ನೆತ್ತಿಯ ಮೇಲಿನ ಸೂರ್ಯ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಬಿದ್ದ. ಚೆನ್ನಮ್ಮ, ಗುರುಸಿದ್ದಪ್ಪ, ರಾಯಣ್ಣ ಒಂದು ಕಡೆ. ಮಲ್ಲಪ್ಪಶೆಟ್ಟಿ, ವೆಂಕಟರಾವ್ ಇನ್ನೊಂದು ಕಡೆ. ಲಾವಣಿ ಹೇಳುವವರು ಆ ಇಬ್ಬರ ಹೆಸರು ಬಂದಾಗ ದನಿ ಬದಲಿಸುತ್ತಾರೆ, ಕೇಳುವವರು ಉಗಿಯುತ್ತಾರೆ. ನಾನೂ ಹುಡುಗನಾಗಿದ್ದಾಗ ಉಗಿದವನೇ. ಆ ತೀರ್ಪನ್ನು ತಿದ್ದುವ ಉಮೇದು ನನಗಿಲ್ಲ. ಆದರೆ ಕಿತ್ತೂರಿನ ಅಳತೆಗೋಲನ್ನು ಹೊತ್ತುಕೊಂಡೇ ಎಲ್ಲ ಕಡೆ ಅಡ್ಡಾಡಿದರೆ, ರಾಜ ಬದಲಾದ ಮರುದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆದ ಪ್ರತಿಯೊಬ್ಬನೂ ದ್ರೋಹಿಯಾಗಬೇಕಾಗುತ್ತದೆ.

ನನ್ನ ಅಜ್ಜನೂ. ಅವರು ಮಾಮಲೇದಾರ ಕಚೇರಿಯಲ್ಲಿ ಕಾರಕೂನರು. 1947ರ ಆಗಸ್ಟ್ 14ರಂದು ಬ್ರಿಟಿಷ್ ಚಕ್ರವರ್ತಿಯ ನೌಕರ, 15ರಂದು ಭಾರತ ಸರ್ಕಾರದವರು. 1956ರ ಅಕ್ಟೋಬರ್ 31ರಂದು ಮುಂಬಯಿ ರಾಜ್ಯದವರು, ಮರುದಿನ ಮೈಸೂರು ರಾಜ್ಯದವರು. ಮೇಜು ಅದೇ, ಮಸಿಕುಡಿಕೆ ಅದೇ, ಕಡತ ಕಟ್ಟುವ ದಾರವೂ ಅದೇ. ಬದಲಾದದ್ದು ಮೊಹರು. ಯಾರೂ ಅವರನ್ನು ದ್ರೋಹಿ ಎನ್ನಲಿಲ್ಲ. ಆದರೆ 1930ರ ದಶಕದ ಮೊದಲಲ್ಲಿ ಅಂಕೋಲಾ, ಸಿದ್ದಾಪುರ, ಹಿರೇಕೆರೂರಿನ ಕಡೆ ಕರನಿರಾಕರಣೆ ನಡೆದು, ಪಟೇಲರು ಪಟೇಲಿಕೆ ಬಿಟ್ಟು, ರೈತರ ಹೊಲ ಜಪ್ತಾಗುತ್ತಿದ್ದಾಗ ಅಜ್ಜ ರಾಜೀನಾಮೆ ಕೊಡಲಿಲ್ಲ. ಮನೆಯಲ್ಲಿ ಈ ವಿಷಯ ಎತ್ತಿದರೆ ಅವರು ಎಲೆಅಡಿಕೆಯ ಚಂಚಿ ಬಿಚ್ಚುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದು, ಜಪ್ತಾದ ಹೊಲಗಳನ್ನು ಮರಳಿಸಲು ಕಾಯಿದೆ ಮಾಡಿತು. ಆಗ ಯಾರ ಹೊಲ, ಎಷ್ಟು ಎಕರೆ, ಯಾವ ಚೆಕ್ಕುಬಂದಿ ಎಂದು ಹೇಳಬಲ್ಲ ದಾಖಲೆ ಇದ್ದದ್ದು ಜಪ್ತಿ ಮಾಡಿದ ಕಚೇರಿಗಳಲ್ಲೇ. ಇದರಿಂದ ಅಜ್ಜನಿಗೆ ಮಾಫಿ ಸಿಕ್ಕಿತೆಂದು ನಾನು ಹೇಳಲಾರೆ. ಪಟೇಲಿಕೆ ಬಿಟ್ಟವರ ತೂಕವೇ ಬೇರೆ. ಒಂದು ಮಾತ್ರ ನಿಜ: ಆ ಲೆಕ್ಕ ಯಾರಾದರೂ ಸುಳ್ಳು ಬರೆದಿದ್ದರೆ ಹೊಲ ಮರಳುತ್ತಿರಲಿಲ್ಲ.

ಇಲ್ಲಿ ಬರುತ್ತದೆ ಉಪ್ಪಿನ ಮಾತು. ಉಪ್ಪುಂಡ ಋಣ ಎನ್ನುತ್ತೇವೆ. ಉಪ್ಪು ಯಾರದು? ಟಿಪ್ಪು ಪೂರ್ಣಯ್ಯನವರಿಗೆ ಕೊಟ್ಟ ಸಂಬಳ ಟಿಪ್ಪು ಬೆಳೆದದ್ದಲ್ಲ. ಒಗುರಿಯ 2,500 ಕೊಕು ಅಕ್ಕಿ ಶೋಗುನನ ಅಂಗಳದಲ್ಲಿ ಉದುರಿದ್ದಲ್ಲ. ಗೊಂಡಾದಂಥ ಹಳ್ಳಿಗಳ ರೈತರು ಕೆಸರಿನಲ್ಲಿ ಬಗ್ಗಿ ನೆಟ್ಟದ್ದು. ಒಡೆಯ ನಡುವಿನ ಬಟ್ಟಲು, ಅಷ್ಟೆ. ಬಟ್ಟಲು ಒಡೆದರೆ ಋಣ ತೀರುವುದಿಲ್ಲ.

ಈ ವಾದ ಕೇಳಿದ ಸ್ನೇಹಿತರೊಬ್ಬರು ಒಂದೇ ಏಟಿಗೆ ಬೀಳಿಸಲು ನೋಡಿದರು: "ಪಕ್ಷ ಬದಲಿಸಿದ ಪ್ರತಿಯೊಬ್ಬನೂ ಇದನ್ನೇ ಹೇಳತಾನ. ನಾ ಜನರ ಸೇವಕ, ಮಾಲಕ ಯಾರಾದರೇನು ಅಂತ. ನಿಮ್ಮ ಉಪ್ಪಿನ ಮಾತು ಅವರಿಗೆಲ್ಲ ಛತ್ರಿ." ಏಟು ಜೋರಾಗಿಯೇ ಬಿತ್ತು. ಜಪಾನಿನಲ್ಲೂ ಇದೇ ಜಗಳ ನಡೆದಿದೆ. ಹೊಸ ಸರ್ಕಾರದ ಸೇನಾನಿ ಸೈಗೋ ತಾಕಾಮೊರಿಯೊಂದಿಗೆ ಮಾತಾಡಿ ಎದೋ ಕೋಟೆಯನ್ನು ರಕ್ತವಿಲ್ಲದೆ ಒಪ್ಪಿಸಿದವನು ಶೋಗುನನ ಅಧಿಕಾರಿ ಕಾತ್ಸು ಕೈಶೂ. ಹತ್ತು ಲಕ್ಷ ಜನರ ಪಟ್ಟಣ ಬೆಂಕಿಯಿಂದ ಉಳಿಯಿತು. ಮುಂದೆ ಅದೇ ಕಾತ್ಸು ಗೆದ್ದವರ ಸರ್ಕಾರದಲ್ಲಿ ನೌಕಾಮಂತ್ರಿಯಾದ. ಶೋಗುನನ ಪಕ್ಷ ಹಿಡಿದು ಹೊಕ್ಕೈಡೋದಲ್ಲಿ 1869ರವರೆಗೆ ಕಾದಾಡಿ ಸೆರೆಯಾದ ಎನೊಮೊತೊ ತಾಕೆಅಕಿ ಕೂಡ ಆಮೇಲೆ ಮಂತ್ರಿಯೇ. 1860ರಲ್ಲಿ ಕಾತ್ಸುವಿನ ಹಡಗಿನಲ್ಲೇ ಅಮೆರಿಕಕ್ಕೆ ಹೋಗಿ ಬಂದಿದ್ದ ಚಿಂತಕ ಫುಕುಜಾವಾ ಯುಕಿಚಿ 1891ರಲ್ಲಿ ಒಂದು ಲೇಖನ ಬರೆದು ಈ ಇಬ್ಬರನ್ನೂ ತರಾಟೆಗೆ ತೆಗೆದುಕೊಂಡ. ಅವನ ವಾದದ ತಿರುಳು ಇಷ್ಟು: ಸೋಲು ಖಚಿತವಾದಾಗಲೂ ಬಿಡದ ಹಟ ದೇಶವೊಂದಕ್ಕೆ ಬೇಕು, ಸೋತವನು ಗೆದ್ದವನ ಪೀಠ ಹತ್ತಿದರೆ ಆ ಹಟದ ಬೇರು ಒಣಗುತ್ತದೆ. ಕಾತ್ಸು ಕೊಟ್ಟ ಉತ್ತರ ಚಿಕ್ಕದು. ಮಾಡಿದ್ದು ತನ್ನದು, ಹೊಗಳುವುದು ಬಿಡುವುದು ಬೇರೆಯವರದು ಎಂಬ ಅರ್ಥದ್ದು. ಫುಕುಜಾವಾನ ವಾದ ನನಗೆ ಹಿಡಿಸದಿದ್ದರೂ ಅದನ್ನು ತಳ್ಳಿಹಾಕಲಾರೆ. ಕಿತ್ತೂರಿನ ಲಾವಣಿ ಹೇಳುವುದೂ ಅದನ್ನೇ.

ಛತ್ರಿಯ ಮಾತಿಗೆ ನನ್ನ ಉತ್ತರ ಬೇರೆ. ಜನರ ಉಪ್ಪು ಎಂದು ಬಾಯಲ್ಲಿ ಹೇಳಿದರೆ ಸಾಲದು, ಲೆಕ್ಕ ತೆಗೆದಿಡಬೇಕು. ಅದೂ ಮನೆ ಬಿದ್ದ ಮೇಲಿನ ಲೆಕ್ಕ ಬೇಡ. ಮನೆ ನಿಂತಿದ್ದಾಗ ಹತ್ತು ವರ್ಷ ಏನು ಮಾಡಿದೆ, ಯಾರಿಂದ ತೆಗೆದುಕೊಂಡು ಯಾವುದಕ್ಕೆ ಹಾಕಿದೆ ಎಂಬುದು. ಈ ತಕ್ಕಡಿಯಲ್ಲಿ ಇಬ್ಬರೂ ಪೂರ್ತಿ ತೂಗುವುದಿಲ್ಲ.

ಒಗುರಿಯನ್ನೇ ಮೊದಲು ಕೂರಿಸೋಣ. ಕಾರ್ಖಾನೆಗೆ ಹಣ ಎಲ್ಲಿಂದ ಬಂತು? ಆ ದಶಕದಲ್ಲಿ ಶೋಗುನ್ ಸರ್ಕಾರ ಕೈ ಹಾಕಿದ್ದು ಚಿನ್ನ ಕಡಿಮೆ ಮಾಡಿ ಹೊಸದಾಗಿ ಅಚ್ಚುಹಾಕಿದ ನಾಣ್ಯಗಳ ಲಾಭಕ್ಕೆ, ವರ್ತಕರ ಮೇಲಿನ ಬಲವಂತದ ದೇಣಿಗೆಗೆ. ಫಿಲಡೆಲ್ಫಿಯಾದಲ್ಲಿ ಇಡೀ ನಾಣ್ಯ ಕರಗಿಸಿ ನೋಡಿದ ಮನುಷ್ಯ, ತಿರುಗಿ ಬಂದು ಸವಕಲು ನಾಣ್ಯದ ಸರ್ಕಾರದ ಖಜಾನೆ ನಡೆಸಬೇಕಾಯಿತು. ಅಕ್ಕಿಯ ಬೆಲೆ ಏರಿತು. 1866ರಲ್ಲಿ ಊರೂರಲ್ಲಿ ರೈತರ ದಂಗೆ. ಕೊನೆಗೆ 1868ರಲ್ಲಿ ಗೊಂಡಾಕ್ಕೆ ಹೋಗಿ ಇಳಿದ ಕೆಲವೇ ದಿನಕ್ಕೆ ಎರಡು ಸಾವಿರ ಜನರ ಗುಂಪು ಅವನಿದ್ದಲ್ಲಿಗೆ ನುಗ್ಗಿತು. ಅಧಿಕಾರಿ ಗಂಟು ಹೊತ್ತುಕೊಂಡು ಬಂದಿದ್ದಾನೆಂಬ ಸುದ್ದಿ ಹಬ್ಬಿತ್ತು. ಆಳುಗಳೊಂದಿಗೆ ಆತ ಅವರನ್ನು ಹಿಮ್ಮೆಟ್ಟಿಸಿದ. ಆ ಹಳ್ಳಿಯ ಕೆಲವರು ಅವನ ಪರವಾಗಿಯೇ ನಿಂತರು ಎಂಬುದನ್ನೂ ಮರೆಯಬಾರದು. ಉಪ್ಪು ಕೊಟ್ಟವರು ಎರಡೂ ಕಡೆ ಇದ್ದರು.

ಪೂರ್ಣಯ್ಯನವರ ತಕ್ಕಡಿ ಇನ್ನೂ ಭಾರ. 1799ರ ಒಪ್ಪಂದದಂತೆ ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ 24.5 ಲಕ್ಷ ರೂಪಾಯಿ ಕಟ್ಟಬೇಕು. ರಾಜ್ಯದ ಅಂದಾಜು ಆದಾಯದ ಅರ್ಧಕ್ಕಿಂತ ಹೆಚ್ಚು. ರೈತನ ಎರಡು ಹಿಡಿ ಉಪ್ಪಿನಲ್ಲಿ ಒಂದು ಹಿಡಿ ಮೊದಲೇ ಮದರಾಸಿಗೆ. ಉಳಿದದ್ದರಲ್ಲಿ ರಾಜ್ಯ ನಡೆಸಿ, ಕೆರೆ ಕಾಲುವೆ ದುರಸ್ತಿ ಮಾಡಿಸಿ, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿ, ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟು, ಇಷ್ಟಾದ ಮೇಲೂ ಬೊಕ್ಕಸದಲ್ಲಿ ಕೋಟಿಗಳ ಲೆಕ್ಕದಲ್ಲಿ ಹಣ ಉಳಿಸಿದರು. ಆ ಕಾಲದವರು ಬೆರಗಾದದ್ದು ಸಹಜ. ಆ ಉಳಿತಾಯದ ಒಂದು ಪಾಲು ಬಂದದ್ದು ಇನಾಮು ಹೊಲಗಳನ್ನು ತಿರುಗಿ ಸರ್ಕಾರಕ್ಕೆ ಎಳೆದುಕೊಂಡದ್ದರಿಂದ, ಮತ್ತು ಒಂದು ಕಾಸೂ ಬಿಡದ ವಸೂಲಿಯಿಂದ. ಅವರಿಗೆ ಸಿಕ್ಕದ್ದು 1807ರಲ್ಲಿ ಯಳಂದೂರಿನ ಜಹಗೀರು.

ಹಾಗಾದರೆ ಪೂರ್ಣಯ್ಯ ಜಂತಿ ಎಣಿಸಲಿಲ್ಲವೆ? ಎಣಿಸಿದರು, ಯಾರಿಗಿಂತಲೂ ಚೆನ್ನಾಗಿ. ಅದೇ ಒಪ್ಪಂದದಲ್ಲಿ ಒಂದು ಕಲಮು ಇತ್ತು: ಆಡಳಿತ ಕೆಟ್ಟು ಕಪ್ಪಕ್ಕೆ ಧಕ್ಕೆಯಾದರೆ ಕಂಪನಿ ರಾಜ್ಯವನ್ನು ಕೈಗೆ ತೆಗೆದುಕೊಳ್ಳಬಹುದು. ಮನೆಯ ಗೆದ್ದಲು ಹಿಡಿದ ತೊಲೆ ಅದೇ. ಅದು ಬೀಳದಿರಲೆಂದು ಅವರು ಬೊಕ್ಕಸವನ್ನು ಊರುಗೋಲಾಗಿ ಕೊಟ್ಟರು. ಆದರೆ ಊರುಗೋಲು ಎಲ್ಲಿದೆ, ಹೇಗೆ ನಿಲ್ಲಿಸಬೇಕು ಎಂಬುದು ಅವರೊಬ್ಬರ ತಲೆಯಲ್ಲಿ ಮಾತ್ರ ಇತ್ತು. ನನ್ನ ದೊಡ್ಡ ದೂರು ಇದು. ಹನ್ನೆರಡು ವರ್ಷ ರಾಜ್ಯವನ್ನು ಅಂಗೈಯಲ್ಲಿ ಹಿಡಿದರು. ಹುಡುಗ ರಾಜನಿಗೆ ಆ ಲೆಕ್ಕ ಓದುವುದನ್ನು ಕಲಿಸಲಿಲ್ಲ, ತಮ್ಮ ನಂತರ ಅದನ್ನು ನಡೆಸುವ ಒಂದು ಪೀಳಿಗೆಯನ್ನು ಬೆಳೆಸಲಿಲ್ಲ. 1811ರಲ್ಲಿ ಬಿಟ್ಟುಕೊಟ್ಟರು, ಮರುವರ್ಷ ಮಾರ್ಚಿನಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಹಣ ಖರ್ಚಾಯಿತು. ಕಂದಾಯ ವಸೂಲಿ ಗುತ್ತಿಗೆದಾರರ ಕೈಗೆ ಹೋಯಿತು. 1830ರಲ್ಲಿ ನಗರ ಸೀಮೆಯ ರೈತರು ಬಂಡೆದ್ದರು. 1831ರಲ್ಲಿ ಕಂಪನಿ ಆ ಕಲಮು ತೆಗೆದು ಓದಿತು. ಮೈಸೂರು ಐವತ್ತು ವರ್ಷ ಕಮಿಷನರರ ಕೈಯಲ್ಲಿ ಉಳಿಯಿತು. ಎಲ್ಲ ತಪ್ಪನ್ನೂ ಮುಮ್ಮಡಿಯವರ ದುಂದಿಗೆ ಕಟ್ಟುವುದು ಇತಿಹಾಸದವರ ರೂಢಿ. ಬೀಗದ ಕೈ ಕೊಟ್ಟು ಲೆಕ್ಕದ ವಿದ್ಯೆ ಕೊಡದ ದಿವಾನರ ಪಾಲೂ ಅದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಯೊಕೊಸುಕಾದಲ್ಲಿ ಆದದ್ದು ಇದಕ್ಕೆ ಉಲ್ಟಾ. ಒಗುರಿ ಬಿಟ್ಟುಹೋದದ್ದು ಹಣವಲ್ಲ, ಸಾಲ. ಆದರೆ ಆ ಕಾರ್ಖಾನೆಯಲ್ಲಿ ಕೆಲಸಗಾರರನ್ನು ತಯಾರು ಮಾಡುವ ಶಾಲೆ ಇತ್ತು. ಗಂಟೆಗೆ ಸರಿಯಾಗಿ ಶುರುವಾಗಿ ಗಂಟೆಗೆ ಸರಿಯಾಗಿ ಮುಗಿಯುವ ಪಾಳಿ, ಜಮೆ ಖರ್ಚು ಎರಡೂ ಕಡೆ ಬರೆಯುವ ಲೆಕ್ಕ, ನಕ್ಷೆ ನೋಡಿ ಕಟ್ಟುವ ಅಭ್ಯಾಸ ಅಲ್ಲಿಂದ ಹೊರಗೆ ಹರಡಿದವು. 1872ರಲ್ಲಿ ತೊಮಿಯೊಕಾದಲ್ಲಿ ಸರ್ಕಾರಿ ರೇಷ್ಮೆ ಕಾರ್ಖಾನೆ ಎದ್ದಾಗ ಅದರ ನಕ್ಷೆ ಬರೆದವನು ಯೊಕೊಸುಕಾದಲ್ಲಿದ್ದ ಫ್ರೆಂಚ್ ನಕ್ಷೆಗಾರ ಬಾಸ್ತಿಯೆನ್. ತೊಮಿಯೊಕಾ ಇರುವುದು ಒಗುರಿಯ ತಲೆ ತೆಗೆದ ಪ್ರಾಂತದಲ್ಲೇ. ಒಬ್ಬ ಅಧಿಕಾರಿ ಸತ್ತರೂ, ಅವನ ಸರ್ಕಾರ ಸತ್ತರೂ ನಡೆಯುವ ಹಾಗೆ ಕೆಲಸ ಕಟ್ಟಿದ್ದರಿಂದ ಅದು ನಡೆಯಿತು. ನಮ್ಮಲ್ಲಿ ಒಳ್ಳೆಯ ತಹಸೀಲ್ದಾರರೊಬ್ಬರ ವರ್ಗಾವಣೆಯಾದರೆ ತಾಲೂಕಿನ ಜನ ಕಚೇರಿ ಮುಂದೆ ಧರಣಿ ಕೂಡುತ್ತಾರೆ. ಅದು ಪ್ರೀತಿ, ಒಪ್ಪಿದೆ. ಆದರೆ ಅವರು ಹೋದ ಮರುದಿನವೇ ಎಲ್ಲ ಕೆಡುತ್ತದೆಂಬ ಭಯ ಆ ಪ್ರೀತಿಯೊಳಗಿದೆ. ಪೂರ್ಣಯ್ಯನವರ ರೋಗ ಇನ್ನೂ ನಮ್ಮನ್ನು ಬಿಟ್ಟಿಲ್ಲ.

ಆ ಕಾರ್ಖಾನೆಗಾಗಿ 1865ರಲ್ಲಿ ಹಾಲೆಂಡಿನಲ್ಲಿ ಮಾಡಿಸಿ ತರಿಸಿದ ಉಗಿ ಸುತ್ತಿಗೆಗಳು ಇಪ್ಪತ್ತನೆಯ ಶತಮಾನದಲ್ಲೂ ಕಬ್ಬಿಣ ಬಡಿಯುತ್ತಿದ್ದವು. ಈಗ ಅವು ಯೊಕೊಸುಕಾದ ಸಂಗ್ರಹಾಲಯವೊಂದರಲ್ಲಿ ನಿಂತಿವೆ, ವೆರ್ನಿಯ ಹೆಸರಿನಲ್ಲಿ. ಎದುರಿನ ಒಣಗೋದಿಗಳಲ್ಲಿ ಇವತ್ತಿಗೂ ಹಡಗು ರಿಪೇರಿಯಾಗುತ್ತವೆ. ಆ ನೆಲೆ ಈಗ ಅಮೆರಿಕದ ನೌಕಾದಳದ ಕೈಯಲ್ಲಿದೆ. ಯಾರ ಹಡಗುಗಳಿಗೆ ಹೆದರಿ ಒಗುರಿ ಅದನ್ನು ಕಟ್ಟಿಸಿದನೋ ಅವರ ಹಡಗುಗಳೇ ಅಲ್ಲಿ ದುರಸ್ತಿಗೆ ಬರುತ್ತವೆ.

ಮೈಸೂರಿಗೆ ಹೋದಾಗ ಪೂರ್ಣಯ್ಯ ನಾಲೆ ಎಲ್ಲಿ ಎಂದು ಕೇಳಿಕೊಂಡು ಹೋದೆ. ಮೈಸೂರು ಪಟ್ಟಣಕ್ಕೆ ಕಾವೇರಿಯ ನೀರು ತರಲೆಂದು ಅವರು ಅಗೆಸಿದ ಕಾಲುವೆ ಅದು. ಆಗ ಹಿಟಾಚಿ ಇರಲಿಲ್ಲ. ಗುದ್ದಲಿ, ಬುಟ್ಟಿ, ಆಳು. ನೀರು ಬರಲೇ ಇಲ್ಲ, ಕೆಲಸ ನಡುವೆಯೇ ನಿಂತಿತು. ಅಂಗಡಿಯವನು ಕೈ ತೋರಿಸಿದ ಕಡೆ ನೋಡಿದೆ. ಎರಡೂ ಬದಿ ಮನೆಗಳು, ನಡುವೆ ಆಳದ ತಗ್ಗು, ಅದರಲ್ಲಿ ಮಳೆಯ ನೀರಿನ ಜೊತೆ ಊರಿನ ಕೊಳೆ. "ಮಳೆ ಜೋರಾಗಿ ಬಂದ್ರೆ ಇದೇ ನೋಡಿ ಸಾರ್ ನಮ್ಮನ್ನ ಕಾಯೋದು," ಎಂದ ಅಂಗಡಿಯವನು. "ಇಲ್ದಿದ್ರೆ ನೀರೆಲ್ಲ ಮನೆಯೊಳಗೆ."